ಇರುವೆ ಮುತ್ತಿದ ಬಾಣ

ಚಕ್ರಪಾಣಿ ಬೋರಲು ಬಿದ್ದಿದ್ದ. ಅರ್ಧ ದಾರಿಯ ಮೇಲೆ, ಅರ್ಧ ನೀರಿನಲ್ಲಿ.

ಹೆಲ್ಮೆಟ್ಟು ಒಡೆದ ತೆಂಗಿನ ಚಿಪ್ಪಿನಂತೆ ಎರಡು ಹೋಳಾಗಿತ್ತು. ಅದರೊಳಗಿದ್ದ ತಲೆಯ ಗತಿಯೂ ಹೆಚ್ಚುಕಡಿಮೆ ಅದೇ. ಸಮ್ಮಾಮಿಶ್ ಕೆರೆಯ ಸಣ್ಣ ಅಲೆಗಳು ಬಂದು ಕಿವಿಯ ಹತ್ತಿರದ ರಕ್ತವನ್ನು ತೊಳೆದು ಹೋಗುತ್ತಿದ್ದವು. ತೊಳೆದಷ್ಟೂ ಮತ್ತೆ ಜಿನುಗುತ್ತಿತ್ತು.

ಮೊದಲು ನೋಡಿದವನು ರಾಕೇಶ್. ನೋಡಿ ದೂರವೇ ನಿಂತು ಫೋನ್ ಮಾಡಿದ್ದರೆ ಬಚಾವಾಗುತ್ತಿದ್ದ. ಅವನು ಸೈಕಲ್ ಎಸೆದು ಓಡಿದ. ಹೆಣವನ್ನು ಎದೆಗೆ ಅವುಚಿಕೊಂಡು ಮೇಲೆಳೆದ. ಗಂಟಲು ಹರಿಯುವಂತೆ ಕೂಗಿದ. ಕೂಗು ಕೇಳಿ ಗುಡ್ಡದ ರಸ್ತೆಯಿಂದ ಉಳಿದವರು ಇಳಿದು ಬಂದಾಗ ಕಂಡದ್ದು ಇಷ್ಟು: ಮೊಣಕಾಲೂರಿದ ರಾಕೇಶ್, ಕತ್ತಿನಿಂದ ಸೊಂಟದವರೆಗೆ ಕೆಂಪಾದ ಅವನ ಜರ್ಸಿ, ಅವನ ತೋಳಿನಲ್ಲಿ ಸತ್ತ ಚಕ್ರಪಾಣಿ.

ಹಿಂದಿನ ಸಂಜೆ ಇದೇ ರಾಕೇಶ್ ಇದೇ ಚಕ್ರಪಾಣಿಯ ಕೊರಳಪಟ್ಟಿ ಹಿಡಿದು, "ಇನ್ನೊಂದ್ಸಲ ಹಿಂಗ್ ಮಾಡಿದ್ರೆ ತಲೆ ಒಡೀತೀನಿ" ಅಂದಿದ್ದ. ಅದಕ್ಕೆ ಇಡೀ ಸಂಘವೇ ಸಾಕ್ಷಿ.

ಮಧ್ಯಾಹ್ನದೊಳಗೆ ರಾಕೇಶನ ಕೈಗೆ ಬೇಡಿ ಬಿತ್ತು.

*

ಸಂಘದ ಹೆಸರು ಕೆರೆ ಸುತ್ತು ಸಂಘ. ಸುತ್ತಿನ ಸಂಘವೋ ಸುಸ್ತಿನ ಸಂಘವೋ ಎಂದು ಹೆಂಡಂದಿರು ಆಡಿಕೊಳ್ಳುತ್ತಿದ್ದರು. ಬೆಂಗಳೂರು, ಮೈಸೂರು ಕಡೆಯಿಂದ ಕಡಲಾಚೆ ಬಂದು ನೆಲೆಸಿದ ಸಾಫ್ಟ್‌ವೇರಿನವರು. ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ಬೆಳಗ್ಗೆ ರೆಡ್‌ಮಂಡಿನ ಪಾರ್ಕಿನಿಂದ ಹೊರಟು, ಕೆರೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಹಾಕುತ್ತಿದ್ದರು. ಕೆರೆಯ ಆ ತುದಿಯ ಇಸ್ಸಾಕ್ವಾದಲ್ಲಿ ತಿಂಡಿ. ಬೆವರಿಗಿಂತ ತಿಂಡಿಯೇ ಹೆಚ್ಚು.

ಕಟ್ಟಿದವನು ಚಕ್ರಪಾಣಿ. ದೇವರಿಗೆ ಚಕ್ರ ಕೈಯಲ್ಲಾದರೆ ಇವನಿಗೆ ಕಾಲಲ್ಲಿ. ಯಾವ ಕೆರೆಗೆ ಯಾವ ದಾರಿ, ಎಲ್ಲಿ ಏರು, ಎಲ್ಲಿ ಜಲ್ಲಿ ಎಂಬುದೆಲ್ಲ ಬಾಯಿಪಾಠ. ಪ್ರತಿ ಭಾನುವಾರ ಎಲ್ಲರಿಗಿಂತ ಮುಂಚೆ ಒಬ್ಬನೇ ಹೊರಟು, ತಿರುವು ತಿರುವಿನಲ್ಲೂ ಬಾಣ ಬಿಡಿಸುತ್ತಿದ್ದ. ಅದೂ ರಂಗೋಲಿ ಪುಡಿಯಲ್ಲಿ, ತೂತಿನ ಕೊಳವೆ ಉರುಳಿಸಿ. "ಪೇಂಟ್ ಹಾಕಿದ್ರೆ ಫೈನು. ರಂಗೋಲಿ ಆದ್ರೆ ಮಳೆರಾಯನೇ ಮುನಿಸಿಪಾಲಿಟಿ" ಅನ್ನುವುದು ಅವನ ಮಾತು.

ಅವನಿಗೆ ಇನ್ನೊಂದು ವಿದ್ಯೆ ಇತ್ತು. ಮಿಮಿಕ್ರಿ. ಎದುರಿಗಿದ್ದವರ ಧ್ವನಿಯನ್ನು ಕಿತ್ತು ಅವರಿಗೇ ಬಡಿಸುತ್ತಿದ್ದ.

ಆ ಭಾನುವಾರ, 2014ರ ಜೂನಿನಲ್ಲಿ, ಒಂದು ಬಾಣ ತಪ್ಪು ದಿಕ್ಕಿಗಿತ್ತು. ಕೆರೆದಂಡೆಯ ದಾರಿ ಬಿಟ್ಟು ಎಡಕ್ಕೆ, ಗುಡ್ಡದ ರಸ್ತೆಗೆ. ಬಾಣ ಕಂಡವರು ಎದುರು ಮಾತಾಡದೆ ಗುಡ್ಡ ಹತ್ತಿದರು. ರಾಕೇಶ್ ಒಬ್ಬನೇ, "ಏ, ಇದು ರಾಂಗ್ ಕಣ್ರೋ" ಎಂದು ನೇರ ಹೋದ.

ಹೋಗಿದ್ದೇ ತಪ್ಪಾಯಿತು.

*

ಸೋಮವಾರ ಬೆಳಗ್ಗೆ ಶ್ರೀವಿದ್ಯಾಗೆ ಪೊಲೀಸರಿಂದ ಕರೆ ಬಂತು. ಕನ್ನಡ ದುಭಾಷಿ ಬೇಕಿತ್ತು.

ಶ್ರೀವಿದ್ಯಾ ಮೈಸೂರಿನವಳು. ಕೋರ್ಟು, ಆಸ್ಪತ್ರೆ, ಠಾಣೆಗಳಲ್ಲಿ ಇನ್ನೊಬ್ಬರ ಮಾತನ್ನು ಆಚೆ ದಡ ಮುಟ್ಟಿಸುವ ಅಂಬಿಗಿತ್ತಿ. ಅವಳಿಗೊಂದು ಚಾಳಿ: ಮಾತಿನ ಜೊತೆ ಧ್ವನಿಯನ್ನೂ ಸಾಗಿಸುತ್ತಿದ್ದಳು. ಅಳುವವರ ಪರವಾಗಿ ಅವಳ ಇಂಗ್ಲಿಷೂ ಅಳುತ್ತಿತ್ತು.

ಕೋಣೆಯಲ್ಲಿ ಡಿಟೆಕ್ಟಿವ್ ಎಕ್‌ಸ್ಟ್ರಮ್ ಕೂತಿದ್ದಳು. ಬಿಳಿಕೂದಲಿನ, ಉದ್ದ ಮುಖದ ಹೆಂಗಸು. ಹೆಸರಿನಲ್ಲಿ ಎಕ್ಸ್‌ಟ್ರಾ ಇದ್ದರೂ ಬಾಯಲ್ಲಿ ಒಂದು ಮಾತೂ ಎಕ್ಸ್‌ಟ್ರಾ ಇಲ್ಲ. ಎದುರಿಗೆ ರಾಕೇಶನ ತಾಯಿ ಜವರಮ್ಮ. ಮಂಡ್ಯ ಕಡೆಯವರು, ಬೇಸಿಗೆಗೆಂದು ಮಗನ ಮನೆಗೆ ಬಂದವರು. ಸೀರೆಯ ಮೇಲೆ ಮಗನದೇ ಜಾಕೆಟ್ಟು.

"ನಿನ್ ಎಸ್ರೇನವ್ವ?" ಎಂದರು ಜವರಮ್ಮ, ಪ್ರಶ್ನೆ ಕೇಳುವುದು ತಮ್ಮದೇ ಕೆಲಸವೆಂಬಂತೆ.

"ಶ್ರೀವಿದ್ಯಾ ಅಂತ, ಅಮ್ಮ. ನೀವು ಹೇಳಿದ್ದನ್ನ ಇವರಿಗೆ ಹೇಳ್ತೀನಿ, ಅಷ್ಟೇ. ನನ್ನ ಮಾತು ಒಂದೂ ಸೇರಿಸೋ ಹಾಗಿಲ್ಲ."

"ಸೇರಿಸ್ಬ್ಯಾಡ. ಕಳೀಲೂಬ್ಯಾಡ."

ಎಕ್‌ಸ್ಟ್ರಮ್ ಕೇಳಿದಳು: "ಶನಿವಾರ ಸಂಜೆ ನಿಮ್ಮ ಮಗ ಸತ್ತವರ ಮೇಲೆ ಕೈ ಮಾಡಿದ್ದು ಯಾಕೆ?"

"ಎಲ್ರೂ ನಮ್ ಮನೇಲೇ ಸೇರಿದ್ರು ಕಣವ್ವ. ಬೆಳಗ್ಗೆ ತಿಂಡಿಗೆ ಅಂತ ನಾನು ಅಕ್ಕಿ ರೊಟ್ಟಿ ತಟ್ತಿದ್ದೆ. ಆ ಚಕ್ರಪಾಣಿ ಬಂದು ನನ್ನಂಗೇ ಮಾತಾಡ್ದ. 'ಅಯ್ಯೊ ನನ್ ಕಂದಾ, ಸೈಕಲ್ ತುಳುದ್ರೆ ಹೊಟ್ಟೆ ಕರಗ್ತದೇನ್ಲಾ, ರೊಟ್ಟಿ ಬುಟ್ರೆ ಕರಗ್ತದೆ' ಅಂತ. ಥೇಟ್ ನಾನೇ! ನಂಗೆ ನಗಾ ತಡ್ಯಕಾಗ್ನಿಲ್ಲ. ನಮ್ ರಾಕೇಸಂಗೆ ಸಿಟ್ಟು. ನಮ್ಮವ್ವುನ್ನ ಆಡ್ಕತೀಯಾ ಅಂತ ಪಟ್ಟಿಗೆ ಕೈ ಹಾಕ್ದ. ಮೂಳ."

ಶ್ರೀವಿದ್ಯಾ ಹೇಳಿದಳು. ಇಂಗ್ಲಿಷಿಗೂ ಮಂಡ್ಯದ ಮಣ್ಣು ಮೆತ್ತಿಕೊಂಡಿತು.

"ಬೇರೆ ಯಾರ ಜೊತೆಗಾದರೂ ಅವರಿಗೆ ಜಗಳವಿತ್ತೇ?"

"ಜಗಳ ಇಲ್ಲ. ಎಲ್ರುನ್ನೂ ಆಡ್ಕತಿದ್ದ. ಪೂಜೆ ಮಾಡ್ಸೋ ವಾಸುದೇವಯ್ನೋರ್ನೂ ಬುಡ್ನಿಲ್ಲ. ಅವರಂಗೇ ಮೂಗಲ್ಲಿ ರಾಗ ಎಳ್ದು, 'ಗೋತ್ರ ಗೊತ್ತಿಲ್ಲದವರಿಗೆ ತರ್ಪಣ ಹೇಗೆ ಬಿಡ್ತಾರೆ ಪುರೋಹಿತರೇ' ಅಂದ. ಎಲ್ರೂ ನಕ್ರು. ಅಯ್ನೋರು ನಗ್ನಿಲ್ಲ. ರೊಟ್ಟಿ ಬುಟ್ಟು ಎದ್ದೋದ್ರು."

ಎಕ್‌ಸ್ಟ್ರಮ್‌ಗೆ ಇದು ಹಿಡಿಯಲಿಲ್ಲ. ಮೇಜಿನ ಮೇಲೆ ಎರಡು ಫೋಟೋ ಇಟ್ಟಳು. ಎರಡರಲ್ಲೂ ಬಿಳಿ ಬಾಣ.

"ಇದು ಸತ್ತವರು ಬರೆದದ್ದು. ಇದು ಕೊಂದವನು ಬರೆದದ್ದು. ಎಲ್ಲರನ್ನೂ ಗುಡ್ಡಕ್ಕೆ ಕಳಿಸಿ ತನಗೆ ಸಮಯ ಮಾಡಿಕೊಳ್ಳಲು. ಆ ಬಾಣ ಸುಳ್ಳೆಂದು ಗೊತ್ತಿದ್ದವನು ಒಬ್ಬನೇ. ನಿಮ್ಮ ಮಗ. ಬುಧವಾರ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೇವೆ. ಬದುಕಿನ ಉಳಿದ ಭಾಗ ಜೈಲಿನಲ್ಲೇ ಕಳೆಯಬೇಕಾಗಬಹುದು."

ಈ ವಾಕ್ಯವನ್ನೂ ಶ್ರೀವಿದ್ಯಾ ಕನ್ನಡಕ್ಕೆ ತಂದಳು. ಜವರಮ್ಮ ಅಳಲಿಲ್ಲ. ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು, "ನನ್ ಮಗ ಕೋಳಿ ಕುಯ್ಯಕ್ಕೇ ಕಣ್ ಮುಚ್ಕತಾನೆ ಅಂತ ಏಳವ್ವ" ಎಂದರು.

ಶ್ರೀವಿದ್ಯಾ ಅದನ್ನು ಹೇಳಲಿಲ್ಲ. ಅವಳ ಕಣ್ಣು ಎರಡನೇ ಫೋಟೋದ ಮೇಲಿತ್ತು.

ಮೊದಲ ಬಾಣ ಅಚ್ಚುಕಟ್ಟು. ಎರಡನೆಯದಕ್ಕೆ ಬಾಲ ಅರ್ಧ ಇಲ್ಲ. ಬಾಲ ಇರಬೇಕಾದ ಕಡೆ ಸಣ್ಣ ಕಪ್ಪು ಚುಕ್ಕೆಗಳ ಸಾಲು.

"ಮೇಡಂ, ಇನ್ನು ನಾನು ಹೇಳೋದು ನನ್ನ ಮಾತು. ಅವರದಲ್ಲ" ಎಂದಳು. "ಇವು ಇರುವೆಗಳಾ?"

"ಇರಬಹುದು. ಇರುವೆ ಎಲ್ಲ ಕಡೆ ಓಡಾಡುತ್ತದೆ."

"ಓಡಾಡ್ತಿಲ್ಲ. ಹೊತ್ಕೊಂಡು ಹೋಗ್ತಿವೆ. ರಂಗೋಲಿ ಪುಡಿ ಅಂದ್ರೆ ಕಲ್ಲಿನ ಪುಡಿ. ಇರುವೆ ಕಲ್ಲು ತಿನ್ನಲ್ಲ."

*

ಘಟನೆ ನಡೆದ ಜಾಗಕ್ಕೆ ಹಳದಿ ಟೇಪು ಕಟ್ಟಿದ್ದರು. ಮಳೆ ಬಂದಿರಲಿಲ್ಲ. ದಂಡೆಯ ಕಲ್ಲುಗಳ ಮೇಲೆ ರಕ್ತ ಕಂದಾಗಿ ಒಣಗಿತ್ತು. ಎಕ್‌ಸ್ಟ್ರಮ್ ಕಾರಿನ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಅಯೋಡಿನ್ ಸೀಸೆ ತಂದಳು. ಕೇಳಿದ್ದು ಶ್ರೀವಿದ್ಯಾ. ಹೈಸ್ಕೂಲಿನ ವಿಜ್ಞಾನ ಒಮ್ಮೆಯಾದರೂ ಉಪಯೋಗಕ್ಕೆ ಬರಲಿ.

ಹಿಂದಿನ ತಿರುವಿನ ಬಾಣದ ಮೇಲೆ ಒಂದು ಹನಿ. ಕಂದು. ಕಂದಾಗಿಯೇ ಉಳಿಯಿತು.

ಸುಳ್ಳು ಬಾಣದ ಮೇಲೆ ಒಂದು ಹನಿ. ಕಣ್ಣೆದುರೇ ನೀಲಿಗಪ್ಪು.

"ಪಿಷ್ಟ. ಅಂದ್ರೆ ಅಕ್ಕಿ ಹಿಟ್ಟು" ಎಂದಳು ಶ್ರೀವಿದ್ಯಾ. "ನಮ್ಮಲ್ಲಿ ಅದರಲ್ಲೂ ರಂಗೋಲಿ ಹಾಕ್ತಾರೆ. ಚಕ್ರಪಾಣಿ ಕೊಳವೆ ಸಿಕ್ತಾ?"

"ಇಲ್ಲ. ಕೆರೆಯಲ್ಲಿ ಬಿದ್ದಿರಬೇಕು."

"ಹಾಗಾದ್ರೆ ಕೊಂದವರ ಕೈಗೆ ಸಿಕ್ಕಿದ್ದು ಇದು. ಕಣ್ಣಿಗೆ ಎರಡೂ ಒಂದೇ ಬಿಳಿ."

ಎಕ್‌ಸ್ಟ್ರಮ್ ಸೀಸೆಯ ಮುಚ್ಚಳ ತಿರುಗಿಸುತ್ತ ನಿಧಾನವಾಗಿ ಹೇಳಿದಳು: "ಶನಿವಾರ ರಾಕೇಶನ ತಾಯಿ ಏನು ತಟ್ಟುತ್ತಿದ್ದರು?"

ಶ್ರೀವಿದ್ಯಾಗೆ ಆಗ ಹೊಳೆಯಿತು. ಅಕ್ಕಿ ರೊಟ್ಟಿ.

"ಅವರ ಅಡುಗೆಮನೆಯಲ್ಲಿ ಚೀಲದ ತುಂಬ ಅಕ್ಕಿ ಹಿಟ್ಟಿದೆ. ನಮ್ಮವರು ಫೋಟೋ ತೆಗೆದಿದ್ದಾರೆ. ನಿಮ್ಮಿಂದ ನನ್ನ ಕೇಸು ಗಟ್ಟಿಯಾಯಿತು. ಧನ್ಯವಾದ."

ಬಿಡಿಸಲು ಬಂದವಳು ಇನ್ನೊಂದು ಗಂಟು ಹಾಕಿದ್ದಳು. ತನಗೇ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನಿಸಿತು.

ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ಗಂಟಲು. "ಇನ್ನೂ ಎಷ್ಟು ದಿನ ಈ ಜಾತ್ರೆ?"

ದಾರಿಯ ಪಕ್ಕದ ಮನೆಯ ಹಾಲ್ವರ್‌ಸನ್. ಹೆಸರಲ್ಲಿ ಹಾಲು, ನಾಲಿಗೆಯಲ್ಲಿ ಹುಳಿ ಮಜ್ಜಿಗೆ. ಸೈಕಲ್ಲಿನವರನ್ನು ಕಂಡರೆ ಗುದ್ದಲಿ ಎತ್ತುವ ಮನುಷ್ಯ. ಪೊಲೀಸರು ಮೊದಲು ಹಿಡಿದದ್ದು ಅವನ ಗುದ್ದಲಿಯನ್ನೇ. ಆದರೆ ಚಕ್ರಪಾಣಿಯ ತಲೆಯ ಗಾಯಗಳು ಗುದ್ದಲಿಯವಲ್ಲ. ಅರ್ಧಚಂದ್ರದಂತೆ ಬಾಗಿದ ಗಾಯಗಳು, ಒಂದರ ಮೇಲೊಂದು. ಯಾವುದೋ ದುಂಡು ಅಂಚಿನ ಭಾರದ ವಸ್ತು.

"ಬೆಳಗಾದರೆ ಗಂಟೆ ಹೊಡೆದುಕೊಂಡು ಬರುತ್ತಾರೆ" ಎಂದ ಹಾಲ್ವರ್‌ಸನ್. "ಭಾನುವಾರವಂತೂ ಚರ್ಚಿನ ಗಂಟೆಯೇ ಹೊತ್ತು ತಂದಿದ್ದರು. ದಪ್ಪ ಸದ್ದು. ಠಣ್, ಠಣ್ ಅಂತ. ಮಧ್ಯೆ ಯಾರೋ ಕಿರುಚಿದರು."

"ನೀವೇನು ಮಾಡಿದಿರಿ?"

"ಕಿಟಕಿ ಮುಚ್ಚಿದೆ."

ಎಕ್‌ಸ್ಟ್ರಮ್ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಅವನು ಬೂಟು ನೋಡಿಕೊಂಡ.

ಶ್ರೀವಿದ್ಯಾ ಅಷ್ಟರಲ್ಲಿ ಮಂಡಿಯೂರಿ ಬಾಣದ ಮೇಲೆ ಬಾಗಿದ್ದಳು. ಒಂದು ಇರುವೆ ತನಗಿಂತ ದೊಡ್ಡದೊಂದನ್ನು ಎಳೆಯುತ್ತಿತ್ತು. ಹಿಟ್ಟಲ್ಲ. ಅಕ್ಕಿಯ ಕಾಳು. ಹಳದಿ ಕಾಳು. ಹಿಟ್ಟನ್ನು ಕೆದಕಿದಂತೆ ಇನ್ನೂ ನಾಲ್ಕಾರು ಸಿಕ್ಕವು.

"ಮೇಡಂ, ಇಲ್ಲಿ ನೋಡಿ. ಅರಿಶಿನ ಹಚ್ಚಿದ ಅಕ್ಕಿ. ಅಕ್ಷತೆ ಅಂತೀವಿ. ಪೂಜೇಲಿ ದೇವರ ಮೇಲೆ ಹಾಕೋದು, ತಲೆ ಮೇಲೆ ಹಾಕಿ ಆಶೀರ್ವಾದ ಮಾಡೋದು."

"ಅದಕ್ಕೇನು?"

"ರೊಟ್ಟಿ ಹಿಟ್ಟಲ್ಲಿ ಇದು ಇರಲ್ಲ. ಪುರೋಹಿತರ ಚೀಲದಲ್ಲಿ ಇರುತ್ತೆ. ಅಕ್ಕಿ ಹಿಟ್ಟಲ್ಲಿ ಮಂಡಲ ಬರೀತಾರೆ. ಅದೇ ಚೀಲದಲ್ಲಿ ಅಕ್ಷತೆ ಚೆಲ್ಲಿರುತ್ತೆ. ಅದೇ ಚೀಲದಲ್ಲಿ..." ಅವಳು ಹಾಲ್ವರ್‌ಸನ್ ಕಡೆ ತಿರುಗಿದಳು. "ಅದೇ ಚೀಲದಲ್ಲಿ ಹಿತ್ತಾಳೆ ಗಂಟೇನೂ ಇರುತ್ತೆ. ಕೈಲಿ ಹಿಡ್ಕೊಂಡು ಮಂಗಳಾರತಿಗೆ ಹೊಡಿಯೋದು. ಅಂಚು ದುಂಡು. ತೂಕ, ಕೇಳ್ಬೇಡಿ."

*

ವಾಸುದೇವ ವಾರದಲ್ಲಿ ಬೆಲ್ವ್ಯೂ ಡೌನ್‌ಟೌನಿನ ಗಾಜಿನ ಕಟ್ಟಡದಲ್ಲಿ ಮ್ಯಾನೇಜರು, ವಾರಾಂತ್ಯ ಪುರೋಹಿತರು. ಕೆಲವೊಮ್ಮೆ ಪೂಜೆಯ ಚೀಲ ಹಿಂದೆ ಕಟ್ಟಿಕೊಂಡು ಸೈಕಲ್ಲಿನಲ್ಲೇ ಹೋಗುತ್ತಿದ್ದರು. "ಪೆಡಲ್ ಪುರೋಹಿತರು" ಎಂದು ಚಕ್ರಪಾಣಿ ಇಟ್ಟ ಹೆಸರು. ಭಾನುವಾರ ಇಸ್ಸಾಕ್ವಾದಲ್ಲಿ ಒಂದು ಗೃಹಪ್ರವೇಶವಿತ್ತು.

"ಅವರು ಕೆರೆಯ ಪಶ್ಚಿಮದ ರಸ್ತೆ ಹಿಡಿದರು ಎಂದು ಎಲ್ಲರೂ ಹೇಳಿಕೆ ಕೊಟ್ಟಿದ್ದಾರೆ" ಎಂದಳು ಎಕ್‌ಸ್ಟ್ರಮ್ ಕಾರು ಓಡಿಸುತ್ತ.

"ಹೊರಟಿದ್ದನ್ನ ನೋಡಿದ್ದಾರೆ. ಹೋಗಿದ್ದನ್ನ ಯಾರು ನೋಡಿದ್ದಾರೆ? ಪಾರ್ಕ್ ಒಳಗೇ ತಿರುಗಿ ಚಕ್ರಪಾಣಿ ಹೋದ ಪೂರ್ವದ ದಾರಿ ಹಿಡಿದ್ರೂ ಇಸ್ಸಾಕ್ವಾನೇ ಬರುತ್ತೆ."

ಗೃಹಪ್ರವೇಶವಾದ ಮನೆ ಗುಡ್ಡದ ನೆತ್ತಿಯಲ್ಲಿತ್ತು. ಬಾಗಿಲಿನ ತೋರಣ ಇನ್ನೂ ಬಾಡಿರಲಿಲ್ಲ. ಮನೆ ಒಡತಿ ವಸಂತಲಕ್ಷ್ಮಿ ಬಾಗಿಲು ತೆಗೆದವರೇ ಶುರುಮಾಡಿದರು. "ಬನ್ನಿ ಬನ್ನಿ, ಶೂ ಅಲ್ಲೇ ಬಿಡ್ಬೇಕಂತ ಹೇಳ್ರೀ ಅವರಿಗೆ. ಪೊಲೀಸ್ ಆದ್ರೇನು, ಹೊಸ ಕಾರ್ಪೆಟ್ಟು."

ಡಿಟೆಕ್ಟಿವ್ ಬೂಟು ಬಿಚ್ಚಿದಳು. ಕಾಲುಚೀಲದಲ್ಲಿ ತೂತಿತ್ತು.

"ಪುರೋಹಿತರು ಹೊತ್ತಿಗೆ ಬಂದ್ರಾ?" ಕೇಳಿದಳು ಶ್ರೀವಿದ್ಯಾ.

"ಎಲ್ಲಿ ಬಂದ್ರು! ಲೇಟು. ಬಂದವರೇ ಮುಖಾನೂ ನೋಡ್ಲಿಲ್ಲ, ಬಚ್ಚಲೆಲ್ಲಿ ಅಂದ್ರು. ಸೈಕಲ್ ತುಳ್ಕೊಂಡು ಬಂದಿದಾರೆ, ಬೆವರು, ಸರಿ. ಆದ್ರೆ ನೋಡಿ, ಹೊರಗ್ ಬಂದಾಗ ಹಾಕಿದ್ದ ಬಟ್ಟೆಯೆಲ್ಲ ತೊಪ್ಪೆ. ಬಟ್ಟೆ ಸಮೇತ ನೀರು ಹುಯ್ಕೊಂಡಿದಾರೆ! ನಮ್ಮತ್ತೆ ಪಿಸಪಿಸ ಅಂದ್ರು, 'ಹೆಣ ಮುಟ್ಟಿದೋರ ಹಾಗೆ ಸ್ನಾನ ಮಾಡಿದಾರಲ್ಲೇ, ಶುಭ ಕಾರ್ಯದ ದಿನ' ಅಂತ. ನಾನೇ ಸುಮ್ನಿರಿ ಅಂದೆ."

"ಆಮೇಲೆ?"

"ಒಣ ಪಂಚೆ ಉಟ್ಕೊಂಡು ಕೂತ್ರು. ಕೂತ್ರೆ ಅಕ್ಕಿ ಹಿಟ್ಟಿಲ್ಲ! 'ಮನೇಲಿದ್ರೆ ಕೊಡಿ' ಅಂದ್ರು. ದರ್ಭೆ ಒಂದು ಎಳೆ ಮರೆಯೋರಲ್ಲ ಅವರು. ಹೊಸ ಮನೆ, ನನ್ ಹತ್ರ ಎಲ್ಲಿರುತ್ತೆ? ಪಕ್ಕದ ತೆಲುಗಿನೋರ ಮನೆಗೆ ಓಡಿದೆ. ಕೊನೆಗೆ ಮಂಗಳಾರತಿಗೆ ಗಂಟೇನೂ ಇಲ್ಲ ಅಂತೀನಿ! ಫೋನಲ್ಲಿ ಆ್ಯಪ್ ಹಾಕಿದ್ರು. ಟಿಣ್ ಟಿಣ್ ಟಿಣ್. ಮಧ್ಯದಲ್ಲಿ ಒಂದು ಅಡ್ವರ್ಟೈಸ್‌ಮೆಂಟು. ದೇವರಿಗೆ ಕಾರ್ ಇನ್ಶೂರೆನ್ಸು!"

ಶ್ರೀವಿದ್ಯಾ ಇದೆಲ್ಲವನ್ನೂ ಟಿಣ್ ಟಿಣ್ ಸಮೇತ ಇಂಗ್ಲಿಷಿಗೆ ಇಳಿಸಿದಳು. ಎಕ್‌ಸ್ಟ್ರಮ್ ನಗಲಿಲ್ಲ. ಬೂಟಿನ ದಾರ ಕಟ್ಟುವಾಗ ಕೈ ಅವಸರದಲ್ಲಿತ್ತು.

"ಹಿಟ್ಟು, ಗಂಟೆ, ಸ್ನಾನ. ಸರಿ" ಎಂದಳು ಹೊರಗೆ ಬಂದು. "ಆದರೆ ಯಾಕೆ? ಒಂದು ತಮಾಷೆಗೆ ಯಾರೂ ತಲೆ ಒಡೆಯುವುದಿಲ್ಲ. ಕಾರಣವಿಲ್ಲದೆ ಬಂದರೆ ನ್ಯಾಯಾಧೀಶರು ರಾಕೇಶನನ್ನು ಬಿಡುವುದಿಲ್ಲ."

ಶ್ರೀವಿದ್ಯಾ ಕಾರಿನ ಬಾಗಿಲು ಹಿಡಿದು ನಿಂತಳು. ಗೋತ್ರ ಗೊತ್ತಿಲ್ಲದವರಿಗೆ ತರ್ಪಣ. ಆಡಿಕೊಳ್ಳಲು ಸಾವಿರ ವಿಷಯವಿರುವಾಗ ಚಕ್ರಪಾಣಿ ಇದನ್ನೇ ಯಾಕೆ ಎತ್ತಿದ?

"ಮೇಡಂ, ತರ್ಪಣ ಅಂದ್ರೆ ಸತ್ತವರಿಗೆ ಎಳ್ಳು ನೀರು ಬಿಡೋದು. ಅವರ ಮನೆತನ ಹೇಳಿ ಬಿಡ್ತಾರೆ. ವರ್ಷಕ್ಕೊಂದ್ಸಲ ಅನ್ನದ ಉಂಡೆ, ಕಪ್ಪು ಎಳ್ಳು ಇಟ್ಟು ಶ್ರಾದ್ಧ ಮಾಡ್ತಾರೆ. ಆದ್ರೆ ಮನೆತನ ಗೊತ್ತಿಲ್ಲ ಅಂದ್ರೆ ಸತ್ತವರು ಪರಕೀಯರು. ಪರಕೀಯರಿಗೆ ಯಾಕೆ ಮಾಡ್ತಾರೆ?"

ಎಕ್‌ಸ್ಟ್ರಮ್ ಸರಕ್ಕನೆ ತಿರುಗಿದಳು.

"ಅನ್ನದ ಉಂಡೆ ಅಂದಿರಾ? ಕಪ್ಪು ಬೀಜದ ಜೊತೆ?"

ಕಾರು ಇಸ್ಸಾಕ್ವಾ ಬಿಟ್ಟು ಉತ್ತರಕ್ಕೆ ತಿರುಗಿತು.

*

ಡುವಾಲ್ ಊರಿನಾಚೆ, ಹೊಲಗಳ ನಡುವಿನ ರಸ್ತೆಯ ಅಂಚಿನಲ್ಲಿ ಒಂದು ಸೈಕಲ್ ನಿಂತಿತ್ತು. ಚಕ್ರ, ಸೀಟು, ಹಿಡಿ, ಚೈನು, ಎಲ್ಲಕ್ಕೂ ಬಿಳಿ ಬಣ್ಣ. ವಾಹನ ಗುದ್ದಿ ಸತ್ತ ಸವಾರನ ಜಾಗಕ್ಕೆ ಈ ನಾಡಿನವರು ಇಡುವ ವೀರಗಲ್ಲು ಅದು.

"ಒಬ್ಬ ಮುದುಕ ರೈತ" ಎಂದಳು ಎಕ್‌ಸ್ಟ್ರಮ್. "ಎರಡು ವರ್ಷದ ಹಿಂದೆ. ಯಾವುದೋ ಕಾರು ಹೊಡೆದು ಹೋಯಿತು. ಹಳ್ಳದಲ್ಲಿ ಬಿದ್ದವನು ತಕ್ಷಣ ಸಾಯಲಿಲ್ಲ. ಕೈಯೂರಿ ರಸ್ತೆಗೆ ಹತ್ತಲು ನೋಡಿದ್ದ. ಉಗುರಿನೊಳಗೆಲ್ಲ ಮಣ್ಣಿತ್ತು. ನಿಲ್ಲಿಸಿ ಫೋನ್ ಮಾಡಿದ್ದರೆ ಬದುಕುತ್ತಿದ್ದ. ಕಾರು ಸಿಗಲಿಲ್ಲ. ಆ ಕೇಸು ನನ್ನದೇ."

ಬಿಳಿ ಸೈಕಲ್ಲಿನ ಬುಡದಲ್ಲಿ ಮೂರು ಒಣ ಉಂಡೆ. ಅಂಟಿದ ಎಳ್ಳು. ಪಕ್ಕದಲ್ಲಿ ದರ್ಭೆಯ ಉಂಗುರ.

"ಹಕ್ಕಿಗೆ ಯಾರೋ ಇಡುತ್ತಾರೆ ಅಂದುಕೊಂಡಿದ್ದೆ" ಎಂದಳು. ನಂತರ: "ಚಕ್ರಪಾಣಿಯ ಫೋನಿನಲ್ಲಿ ಈ ಜಾಗದ ಫೋಟೋ ಇದೆ. ಈ ತಿಂಗಳದ್ದೇ. ಹೊಸ ದಾರಿ ಹುಡುಕುತ್ತ ಬಂದಿದ್ದನಂತೆ. ಬಿಳಿ ಬಟ್ಟೆ ಉಟ್ಟ ಯಾರದೋ ಬೆನ್ನು ಕಾಣುತ್ತದೆ."

*

ಮಂಗಳವಾರ ಚಕ್ರಪಾಣಿಯ ಅಂತ್ಯಕ್ರಿಯೆ. ಊರಿನಲ್ಲಾದರೆ ಶುಭಕ್ಕೆ ಒಬ್ಬರು, ಅಶುಭಕ್ಕೆ ಒಬ್ಬರು. ಇಲ್ಲಿ ಎರಡಕ್ಕೂ ವಾಸುದೇವರೇ ಗತಿ.

ಅವರು ಬಿಳಿ ಶಲ್ಯ ಹೊದ್ದು ಪೆಟ್ಟಿಗೆಯ ಪಕ್ಕ ನಿಂತಿದ್ದರು. ಮುಂದಿನ ಸಾಲಿನಲ್ಲಿ ಚಕ್ರಪಾಣಿಯ ಹೆಂಡತಿ ಪ್ರತಿಭಾ ಕಲ್ಲಾಗಿ ಕೂತಿದ್ದಳು. ಹಿಂದೆ ಕೆರೆ ಸುತ್ತು ಸಂಘದವರು. ಎಕ್‌ಸ್ಟ್ರಮ್ ಬಾಗಿಲಲ್ಲಿ ನಿಂತಳು. ಶ್ರೀವಿದ್ಯಾ ಒಬ್ಬಳೇ ಮುಂದೆ ಹೋದಳು.

"ಪುರೋಹಿತರೇ, ಗಂಟೆ ತಂದಿಲ್ವಾ?"

"ಅಪರ ಕರ್ಮಕ್ಕೆ ಗಂಟೆ ಇಲ್ಲಮ್ಮ."

"ಗೃಹಪ್ರವೇಶಕ್ಕೂ ಇರ್ಲಿಲ್ವಂತೆ."

ವಾಸುದೇವರ ಕೈ ಶಲ್ಯದ ಅಂಚನ್ನು ಹಿಡಿಯಿತು. "ಯಾರಮ್ಮ ನೀನು?"

ಶ್ರೀವಿದ್ಯಾ ಚಕ್ರಪಾಣಿಯನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಕೇಳಿದ್ದಳು. ಗಂಟಲು ಸರಿಮಾಡಿಕೊಂಡಳು. ಬಂದ ಧ್ವನಿ ಅವಳದಲ್ಲ. ವಾಸುದೇವರನ್ನು ಅಣಕಿಸುವ ಚಕ್ರಪಾಣಿಯದು. ಮೂಗಿನಲ್ಲಿ ಎಳೆದ ರಾಗ, ತುದಿಯಲ್ಲಿ ನಗು.

"ಗೋತ್ರ ಗೊತ್ತಿಲ್ಲದವರಿಗೆ ತರ್ಪಣ ಹೇಗೆ ಬಿಡ್ತಾರೆ ಪುರೋಹಿತರೇ?"

ಪ್ರತಿಭಾ ಚೀರಿ ಎದ್ದಳು. ಸತ್ತ ಗಂಡ ಮಾತಾಡಿದಂತಿತ್ತು.

ವಾಸುದೇವ ಹಾರಿದರು. ಶಲ್ಯ ಶ್ರೀವಿದ್ಯಾಳ ಕೊರಳಿಗೆ ಬಿತ್ತು, ಸುತ್ತಿತು, ಬಿಗಿಯಿತು. ಅವಳ ಹಣೆ ಪೆಟ್ಟಿಗೆಯ ಅಂಚಿಗೆ ಬಡಿಯಿತು. ಕಣ್ಣಿಗೆ ರಕ್ತ ಇಳಿಯಿತು. ಉಸಿರು ಗಂಟಲಲ್ಲೇ ಮುರಿಯಿತು. ಕಿವಿಯ ಹತ್ತಿರ ಅವರು ಹಲ್ಲು ಕಚ್ಚಿ ಗುಡುಗುತ್ತಿದ್ದರು: "ಮುಚ್ಚು ಬಾಯಿ! ಎಷ್ಟು ಸಲ ಕೊಲ್ಲಬೇಕೋ ನಿನ್ನ!"

ಎಕ್‌ಸ್ಟ್ರಮ್ ಸಾಲುಗಳ ಮೇಲೆಯೇ ಹಾರಿ ಬಂದಳು. ಅವರ ಬಲಗೈ ತಿರುಚಿದಳು. ಮೂಳೆ ಲಟಕ್ ಎಂದದ್ದು ಕೊನೆಯ ಸಾಲಿಗೂ ಕೇಳಿಸಿತು. ಶಲ್ಯ ಸಡಿಲವಾಯಿತು. ಪುರೋಹಿತರು ನೆಲದ ಮೇಲೆ ಮುಖವೊತ್ತಿ ಬಿದ್ದರು. ಬೆನ್ನ ಮೇಲೆ ಡಿಟೆಕ್ಟಿವ್‌ಳ ಮೊಣಕಾಲು.

ಶ್ರೀವಿದ್ಯಾ ನೆಲದಲ್ಲೇ ಕೂತು ಕೆಮ್ಮಿದಳು. ಅವಳ ಸ್ವಂತ ಧ್ವನಿ ಅರ್ಧವೇ ಹಿಂದಿರುಗಿತ್ತು. ಅದರಲ್ಲೇ ಎಲ್ಲರಿಗೂ ಹೇಳಿದಳು.

"ಎರಡು ವರ್ಷದ ಹಿಂದೆ ಡುವಾಲ್ ಹತ್ರ ಒಬ್ಬ ಮುದುಕನ ಸೈಕಲ್‌ಗೆ ಇವರು ಕಾರು ಗುದ್ದಿದ್ರು. ನಿಲ್ಲಿಸ್ಲಿಲ್ಲ. ಆದ್ರೆ ಭಯ ಬಿಡ್ಲಿಲ್ಲ. ಪೊಲೀಸರ ಭಯ ಅಲ್ಲ, ಸತ್ತವನ ಭಯ. ವರ್ಷ ವರ್ಷ ಆ ಜಾಗದಲ್ಲಿ ಪಿಂಡ ಇಟ್ರು. ಈ ತಿಂಗಳು ಇಡೋವಾಗ ಚಕ್ರಪಾಣಿ ನೋಡ್ಬಿಟ್ರು. ಶನಿವಾರ ಎಲ್ಲರ ಮುಂದೆ ಅಣಕಿಸಿದ್ದು ತಮಾಷೆ ಅಲ್ಲ, ಎಚ್ಚರಿಕೆ. ಭಾನುವಾರ ಇವರು ಪಶ್ಚಿಮಕ್ಕೆ ಹೊರಟ ಹಾಗೆ ಮಾಡಿ, ಪಾರ್ಕಲ್ಲೇ ತಿರುಗಿ, ಅವರನ್ನ ಹಿಡಿದ್ರು. ಗಂಟೇಲಿ ಹೊಡೆದ್ರು. ಪಕ್ಕದ ಮನೆಯೋನು ಆ ಸದ್ದು ಕೇಳಿದಾನೆ. ನೀವೆಲ್ಲ ಹಿಂದೆ ಬರ್ತಿದೀರಿ ಅಂತ ಗೊತ್ತು. ರಂಗೋಲಿ ಕೊಳವೆ ಕೆರೆ ಪಾಲಾಗಿತ್ತು. ಚೀಲದಲ್ಲಿದ್ದ ಅಕ್ಕಿ ಹಿಟ್ಟಲ್ಲಿ ಬಾಣ ಹಾಕಿದ್ರು. ಅದರಲ್ಲಿ ಅಕ್ಷತೆ ಸೇರಿದ್ದು ನೋಡ್ಲಿಲ್ಲ. ಆಮೇಲೆ ಹೆಣ ಮುಟ್ಟಿದ ಮೈಲಿಗೆ ಅಂತ ಬಟ್ಟೆ ಸಮೇತ ಸ್ನಾನ ಮಾಡಿ ಪೂಜೆಗೆ ಕೂತ್ರು. ಶಾಸ್ತ್ರ ಒಂದನ್ನೂ ಬಿಡ್ಲಿಲ್ಲ. ರಾಕೇಶ್ ಜೈಲಿಗೆ ಹೋದ. ಅದಕ್ಕೆ ಯಾವ ಪ್ರಾಯಶ್ಚಿತ್ತಾನೂ ಮಾಡ್ಲಿಲ್ಲ."

ನೆಲದಿಂದ ವಾಸುದೇವ ನರಳಿದರು. "ಯಾವ ಮಗ ಇಡ್ತಾನೆ ಪಿಂಡ ಈ ದೇಶದಲ್ಲಿ? ನಾನು ಇಟ್ಟೆ! ಹೆಸರು ಗೊತ್ತಿಲ್ಲದವನಿಗೆ ಕಾಶ್ಯಪ ಗೋತ್ರ ಹೇಳಿ ಇಟ್ಟೆ. ಚಕ್ರಪಾಣಿಗೆ ಹೇಳಿದೆ, ಬಿಟ್ಬಿಡೋ ಅಂತ ಕಾಲು ಹಿಡ್ಕೊಂಡೆ. ಸೋಮವಾರ ಪೊಲೀಸರ ಹತ್ರ ಹೋಗ್ತೀನಿ ಅಂದ. ನನ್ನ ಧ್ವನೀಲೇ ಅಂದ! ನನ್ನ ಬಾಯಿಂದಲೇ ನನಗೆ ಶಿಕ್ಷೆ ಹೇಳ್ದ!"

ಪ್ರತಿಭಾ ಬಂದು ಅವರ ಮುಖದ ಮೇಲೆ ಉಗಿದಳು.

*

ಗಂಟೆಯನ್ನು ಮುಳುಗುಗಾರರು ಕೆರೆಯಿಂದ ಎತ್ತಿದರು. ಹೊಡೆತಕ್ಕೆ ಅಂಚು ತಗ್ಗಾಗಿತ್ತು. ಬುಧವಾರ ಕೋರ್ಟಿನ ಮುಂದೆ ನಿಂತದ್ದು ಕೈಗೆ ಪಟ್ಟಿ ಕಟ್ಟಿದ ವಾಸುದೇವ.

ರಾಕೇಶ್ ಹಿಂದಿನ ಬಾಗಿಲಿನಿಂದ ಹೊರಬಂದ. ಗಡ್ಡ ಬೆಳೆದಿತ್ತು. ಜರ್ಸಿಯನ್ನು ಪೊಲೀಸರು ಇಟ್ಟುಕೊಂಡಿದ್ದರಿಂದ ಯಾರದೋ ದೊಗಳೆ ಅಂಗಿಯಲ್ಲಿದ್ದ. ಜವರಮ್ಮ ಹತ್ತಿರ ಹೋದರು. ತಲೆಯಿಂದ ಕಾಲಿನವರೆಗೆ ನೋಡಿದರು. ನೋಡಿ, ಕೈ ಬೀಸಿ ಕೆನ್ನೆಗೊಂದು ಬಿಟ್ಟರು. ಪಾರ್ಕಿಂಗ್ ಲಾಟಿನ ಕಾಗೆಗಳು ಎದ್ದುಹೋದವು.

"ಯಾಕವ್ವಾ!"

"ಪಟ್ಟಿಗೆ ಕೈ ಹಾಕಿದ್ದಕ್ಕೆ! ನನ್ನನ್ನ ಆಡ್ಕಂಡ್ರೆ ನಾನು ನೋಡ್ಕತೀನಿ, ನಿಂಗ್ಯಾಕ್ಲಾ? ಸತ್ತೋದ ಪಾಪ. ನನ್ ಮಾತ ನನ್ಗಿಂತ ಚೆಂದಾಗಾಡ್ತಿದ್ದ. ಬದುಕಿದ್ದಾಗ ಅವ್ನಿಗೆ ಒಂದ್ ರೊಟ್ಟಿ ಬಿಸೀದು ಹಾಕ್ನಿಲ್ವಲ್ಲ ನಾನು..."

ಅಲ್ಲಿಗೆ ಜವರಮ್ಮನ ದನಿ ಕಿತ್ತುಹೋಯಿತು. ಇಷ್ಟು ದಿನ ಬಾರದ ಅಳು ಒಟ್ಟಿಗೇ ನುಗ್ಗಿತು. ರಾಕೇಶ್ ಆ ದೊಗಳೆ ಅಂಗಿಯಲ್ಲಿ ತಾಯಿಯನ್ನು ಮುಚ್ಚಿಕೊಂಡ.

ಎಕ್‌ಸ್ಟ್ರಮ್ ದೂರದಲ್ಲಿ ನಿಂತಿದ್ದಳು. "ಏನೆಂದರು?"

ಶ್ರೀವಿದ್ಯಾಳ ಗಂಟಲು ಇನ್ನೂ ಊದಿತ್ತು. ಕತ್ತಿನ ಸುತ್ತ ನೀಲಿ ಗೆರೆ. ಅವಳು ಒಂದು ಮಾತೂ ಸೇರಿಸಲಿಲ್ಲ, ಒಂದೂ ಕಳೆಯಲಿಲ್ಲ. ಗೊಗ್ಗರು ದನಿಯಲ್ಲೇ ಪೂರ್ತಿ ಹೇಳಿದಳು. ಕೆನ್ನೆಯೇಟಿನ ಜಾಗ ಬಂದಾಗ ಕೈ ತಾನಾಗಿ ಮೇಲೆದ್ದಿತು.

ಡಿಟೆಕ್ಟಿವ್ ಒಂದು ಹೆಜ್ಜೆ ಹಿಂದೆ ಸರಿದಳು.